ಹಲ್ಲಿಗೊಂದು ಮಾತ್ರೆ, ಬೇಲಿಗೊಂದು ಮಾತು

ನಮ್ಮ ಪಾಪಿನಾಯಕನಹಳ್ಳಿಯಲ್ಲಿ ಹಲ್ಲು ತಿಕ್ಕುವುದು ಬಾಗಿಲು ಹಾಕಿಕೊಂಡು ಮಾಡುವ ಕೆಲಸವಲ್ಲ. ಬೆಳಗಾಗುತ್ತಲೇ ಬ್ರಷ್ಷನ್ನೋ ಬೇವಿನ ಕಡ್ಡಿಯನ್ನೋ ಬಾಯಿಗಿಟ್ಟುಕೊಂಡು ಜನ ಅಂಗಳಕ್ಕೆ ಬರುತ್ತಾರೆ. ಒಬ್ಬರು ಕಟ್ಟೆಯ ಮೇಲೆ ಕೂರುತ್ತಾರೆ, ಒಬ್ಬರು ದನಕ್ಕೆ ಮೇವು ಹಾಕುತ್ತಲೇ ತಿಕ್ಕುತ್ತಾರೆ, ಇನ್ನೊಬ್ಬರು ರಸ್ತೆಯ ತನಕ ಹೋಗಿ ಹೊಸಪೇಟೆ ಕಡೆಯ ಬಸ್ಸು ಬಂತೋ ಇಲ್ಲವೋ ನೋಡಿಕೊಂಡು ಬರುತ್ತಾರೆ. ತುಂಗಭದ್ರಾ ಡ್ಯಾಮಿಗೆ ಎಷ್ಟು ನೀರು ಬಂತು, ರಾತ್ರಿಯ ಮಳೆ ಸಂಡೂರು ಗುಡ್ಡದ ಕಡೆ ಬಿತ್ತೋ ನಮ್ಮ ಹೊಲಕ್ಕೂ ಬಿತ್ತೋ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಊರಿನ ಅರ್ಧ ಸುದ್ದಿ ಬೇಲಿ ದಾಟುವುದು ಈ ಹೊತ್ತಿನಲ್ಲೇ. ಕಡ್ಡಿ ಕಚ್ಚಿದವರಿಗೆ ಮಾತು ಸಲೀಸು. ಪೇಸ್ಟಿನವರಿಗೆ ಬಾಯಿ ತುಂಬ ನೊರೆ, ಮುಖ ಮೇಲೆತ್ತಿ ಹ್ಞೂಂ ಹ್ಞೂಂ ಅನ್ನುವುದಷ್ಟೇ ಸಾಧ್ಯ.

ಈ ಬೆಳಗಿನ ಸಭೆಗೆ ಈಚೆಗೆ ಒಂದು ಗಾಜಿನ ಬಾಟಲಿ ಬಂದು ಸೇರಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಹಬ್ಬಕ್ಕೆ ಬಂದಾಗ ತಂದುಕೊಟ್ಟದ್ದು. ಒಳಗೆ ಬಟಾಣಿ ಗಾತ್ರದ ಬಿಳಿ ಮಾತ್ರೆಗಳು. ಅಂಗಳದಲ್ಲಿ ನಿಂತು ಒಂದನ್ನು ಅಂಗೈಗೆ ಸುರುವಿಕೊಳ್ಳುತ್ತಿದ್ದೆ. ಪಕ್ಕದ ಮನೆಯ ದೊಡ್ಡವ್ವ ಕಲ್ಲುಚಪ್ಪಡಿಯ ಬೇಲಿಯ ಆಚೆಯಿಂದ ನೋಡಿದಳು.

“ಏನಪಾ ಅದು, ಬೆಳಿಗ್ಗೆನೇ ಗುಳಿಗಿ? ಜ್ವರೇನು?”

“ಜ್ವರ ಇಲ್ಲ ದೊಡ್ಡವ್ವಾ, ಹಲ್ಲು ತಿಕ್ಕೋ ಮಾತ್ರೆ ಇದು.”

“ಹಂಗಾರ ಉಂಡ ಮ್ಯಾಲೆ ನುಂಗಬೇಕೋ, ಉಣ್ಣಾಕಿಂತ ಮೊದ್ಲೋ?”

“ನುಂಗಂಗಿಲ್ಲ. ಬಾಯಾಗ ಹಾಕ್ಕೊಂಡು ಅಗಿದು ಪುಡಿ ಮಾಡೋದು. ಆಮ್ಯಾಲೆ ಹಸಿ ಬ್ರಷ್ ತಗೊಂಡು ತಿಕ್ಕೋದು, ಉಗುಳೋದು.”

“ಮತ್ತ ಪೇಸ್ಟು?”

“ಪೇಸ್ಟು ಬ್ಯಾಡ. ಪೇಸ್ಟಿನ ಕೆಲಸ ಇದಾ ಮಾಡ್ತೈತಿ.”

ಅವಳು ಅಷ್ಟಕ್ಕೇ ಬಿಡುವವಳಲ್ಲ. ನಾನು ತಿಕ್ಕಿ ಮುಗಿಸುವ ತನಕ ಬೇಲಿಗೆ ಮೊಣಕೈ ಊರಿ ನಿಂತೇ ಇದ್ದಳು. ಮಾತ್ರೆಯನ್ನು ದವಡೆ ಹಲ್ಲಿನ ನಡುವೆ ಇಟ್ಟು ಕಚ್ಚಿದರೆ ಟಪ್ಪನೆ ಒಡೆಯುತ್ತದೆ. ಮೊದಲ ಕ್ಷಣ ಬಾಯಿ ಒಣಗಿದಂತಾಗುತ್ತದೆ. ಅವಸರ ಮಾಡದೆ ಅಗಿಯುತ್ತ ಹೋದರೆ ಜೊಲ್ಲು ಸೇರಿ ಪುಡಿ ತೆಳ್ಳಗಾಗುತ್ತದೆ, ಪುದೀನದ ತಂಪು ಹರಡುತ್ತದೆ, ಹಿಂದೆಯೇ ಸ್ವಲ್ಪ ಉಪ್ಪುಪ್ಪು ರುಚಿ. ಆಗ ಒದ್ದೆ ಬ್ರಷ್ಷು ಹಾಕಿದರೆ ನೊರೆ ಬರುತ್ತದೆ, ಆದರೆ ಗಲ್ಲ ಉಬ್ಬುವಷ್ಟಲ್ಲ. ನಡುವೆ ಒಂದೆರಡು ಮಾತಾಡಬಹುದು. ಚೆನ್ನಾಗಿ ಅಗಿಯದಿದ್ದರೆ ಹಿಂದಿನ ಹಲ್ಲಿನ ಸಂದಿಯಲ್ಲಿ ಸಣ್ಣ ಹರಳು ಉಳಿದು ಕರಕರ ಎನ್ನುತ್ತದೆ. ಬಾಯಿ ತೊಳೆದ ಮೇಲೆ ನಾಲಿಗೆಯಿಂದ ಹಲ್ಲು ಸವರಿದರೆ ನುಣುಪು ಸಿಗುತ್ತದೆ, ಪೇಸ್ಟಿನಲ್ಲಿ ತಿಕ್ಕಿದಾಗ ಸಿಗುವ ನುಣುಪೇ.

ಸಿಗಲೇಬೇಕು. ಎರಡರಲ್ಲೂ ಇರುವ ಸಾಮಾನು ಹೆಚ್ಚುಕಡಿಮೆ ಒಂದೇ. ಕೊಳೆ ತಿಕ್ಕಲು ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಸಿಲಿಕಾ, ಜೊತೆಗೆ ಅಡುಗೆ ಸೋಡಾ, ಹಲ್ಲು ಹುಳುಕಾಗಿಸದ ಸಿಹಿಗೆ ಸಾರ್ಬಿಟಾಲ್ ಅಥವಾ ಜೈಲಿಟಾಲ್, ಪುದೀನದ ಎಣ್ಣೆ, ನೊರೆ ಬರಿಸುವ ವಸ್ತು ಒಂದಿಷ್ಟು. ಪೇಸ್ಟಿನಲ್ಲಿದ್ದು ಮಾತ್ರೆಯಲ್ಲಿ ಇಲ್ಲದ್ದು ನೀರು. ನೀರು ಇದ್ದರೆ ಅದು ಆರದಂತೆ ಗ್ಲಿಸರಿನ್ ಬೇಕು, ಪುಡಿಯೂ ನೀರೂ ಬೇರೆಯಾಗದಂತೆ ಅಂಟು ಬೇಕು, ಕೆಡದಂತೆ ಕಾಯುವ ರಾಸಾಯನಿಕ ಬೇಕು, ಎಲ್ಲವನ್ನೂ ಹಿಡಿದಿಡಲು ಟ್ಯೂಬು ಬೇಕು. ನೀರೊಂದನ್ನು ತೆಗೆದರೆ ಇಷ್ಟೂ ಬೇಡ. ಬಾಯಿಯಲ್ಲಿ ಜೊಲ್ಲು ಇದ್ದೇ ಇದೆ, ಆ ಕೆಲಸ ಅದು ಮಾಡುತ್ತದೆ.

ಇದನ್ನೆಲ್ಲ ಹೇಳಿದೆ. ದೊಡ್ಡವ್ವ ಒಂದು ಮಾತ್ರೆ ಕೈಚಾಚಿ ಇಸಿದುಕೊಂಡಳು. ಅವಳಿಗೆ ಮುಂದಿನ ಹಲ್ಲು ಕೆಲವು ಗಟ್ಟಿಯಾಗಿವೆ, ದವಡೆ ಹಲ್ಲು ಹೋಗಿ ಎಷ್ಟೋ ಕಾಲವಾಯಿತು. ಅಗಿಯುವುದು ಹೇಗೆ? ಒಳಗೆ ಹೋಗಿ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ ತಂದಳು. ಸೆರಗಿನಲ್ಲಿ ಒಳಗೆ ಹೊರಗೆ ಒರೆಸಿ ಮಾತ್ರೆ ಹಾಕಿ ಎರಡು ಏಟು ಕುಟ್ಟಿದಳು. ಅಂಗೈಗೆ ಸುರುವಿಕೊಂಡು ಬೆರಳಲ್ಲಿ ಸವರಿ, ಮೂಸಿ, ತುದಿನಾಲಿಗೆಗೆ ಹಚ್ಚಿ ನೋಡಿದಳು.

“ಇದು ಹಲ್ಲಪುಡಿ ಅಲ್ಲೇನಪಾ! ನಮ್ಮವ್ವನ ಕಾಲದಾಗ ಪುಡಿ ಇತ್ತು, ನೀವು ಅದನ್ನ ಒತ್ತಿ ಗುಳಿಗಿ ಮಾಡೀರಿ. ನಾ ಕುಟ್ಟಿ ಮತ್ತ ಪುಡಿ ಮಾಡೀನಿ.”

ಇದಕ್ಕಿಂತ ನೇರವಾಗಿ ಈ ಮಾತ್ರೆಯ ಸಂಗತಿ ಹೇಳಲು ಸಾಧ್ಯವಿಲ್ಲ. ಲೋಕ ಬಹುಕಾಲ ಹಲ್ಲು ತಿಕ್ಕಿದ್ದು ಪುಡಿಯಲ್ಲಿ. ಟ್ಯೂಬು ಮೊದಲು ಹುಟ್ಟಿದ್ದು ಹಲ್ಲಿಗಾಗಿ ಅಲ್ಲ, ಚಿತ್ರ ಬರೆಯುವವರ ಬಣ್ಣಕ್ಕಾಗಿ: 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಮಾಡಿದ್ದು. ಕೋಲ್ಗೇಟ್ ಕಂಪನಿ 1873ರಲ್ಲಿ ಪೇಸ್ಟು ಮಾರಲು ಶುರುಮಾಡಿದಾಗ ಅದು ಗಾಜಿನ ಭರಣಿಯಲ್ಲಿತ್ತು. ಅಮೆರಿಕದ ಹಲ್ಲಿನ ವೈದ್ಯ ವಾಷಿಂಗ್ಟನ್ ಶೆಫೀಲ್ಡ್ ಪೇಸ್ಟನ್ನು ಟ್ಯೂಬಿಗೆ ತುಂಬಿಸಿ ಮಾರಿದ, 1896ರಲ್ಲಿ ಕೋಲ್ಗೇಟ್ ಕೂಡ ಟ್ಯೂಬಿಗೆ ಬಂತು. ಆ ಕಂಪನಿ ಭಾರತದಲ್ಲಿ ನೆಲೆಯೂರಿದ್ದು 1937ರಲ್ಲಿ. ಹಳ್ಳಿಯ ಕಿರಾಣಿ ಅಂಗಡಿಯ ಮೊಳೆಗೆ ಟ್ಯೂಬು ಜೋತುಬಿದ್ದದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ.

ಅಲ್ಲಿಯ ತನಕ ನಮ್ಮಲ್ಲಿ ಹಲ್ಲುಪುಡಿಯದೇ ರಾಜ್ಯ. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದರು. ಅಲ್ಲಿಂದ ಬಂದ ನಂಜನಗೂಡು ಹಲ್ಲುಪುಡಿ ಕನ್ನಡ ನಾಡಿನ ಮನೆಮನೆಯ ಬಚ್ಚಲಿನ ಗೂಡಿಗೆ ಹೋಯಿತು. ಮುಂಬೈ ಕಡೆಯಿಂದ ಮಂಕಿ ಬ್ರಾಂಡ್ ಕರಿ ಹಲ್ಲುಪುಡಿ ಬರುತ್ತಿತ್ತು. ದುಡ್ಡು ಕೊಟ್ಟು ಕೊಳ್ಳದವರಿಗೆ ಒಲೆಯ ಇದ್ದಿಲು, ಕುಳ್ಳಿನ ಬೂದಿ, ಕಲ್ಲುಪ್ಪು, ಕೆಲವರಿಗೆ ಇಟ್ಟಿಗೆ ಪುಡಿ. ಎಲ್ಲಕ್ಕೂ ಬೆರಳೇ ಬ್ರಷ್ಷು.

ಆ ಪುಡಿಗಳ ಮೇಲೆ ನನಗೆ ಪ್ರೀತಿ ಇದೆ, ಆದರೆ ಎಲ್ಲವನ್ನೂ ಹೊಗಳಲಾರೆ. ಹಲ್ಲಿನ ಹೊರಗಿನ ಬಿಳಿ ಪದರ, ಎನಾಮೆಲ್, ನಮ್ಮ ಮೈಯಲ್ಲೇ ಅತಿ ಗಟ್ಟಿಯಾದ ವಸ್ತು. ತೂಕದಲ್ಲಿ ನೂರಕ್ಕೆ 96ರಷ್ಟು ಖನಿಜ. ಅಷ್ಟು ಗಟ್ಟಿಯಾದರೂ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಮುರಿದ ಮೂಳೆ ಕೂಡುತ್ತದೆ, ಕತ್ತರಿಸಿದ ಉಗುರು ಬರುತ್ತದೆ, ಎನಾಮೆಲ್ ಬರುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ಜೋರಾಗಿ ತಿಕ್ಕುವುದು ಬೆಳ್ಳಗೆ ಮಾಡಿದಂತೆ ಕಂಡರೂ ಆ ಪದರವನ್ನೇ ಕೆರೆದು ತೆಗೆಯುವ ಕೆಲಸ. ಐಸು ಬಾಯಿಗಿಟ್ಟರೆ ಜುಮ್ಮೆನ್ನುವುದು, ಹುಳಿ ತಿಂದರೆ ಚುಳುಕ್ಕೆನ್ನುವುದು ಆಮೇಲೆ ಬರುವ ಬಳುವಳಿ. ಒಳ್ಳೆಯ ಹಲ್ಲುಪುಡಿ ಎಂದರೆ ಎನಾಮೆಲ್ ಸವೆಯದಷ್ಟು ನುಣ್ಣಗೆ ಅರೆದದ್ದು. ಮಾತ್ರೆಯಲ್ಲಿ ಒತ್ತಿರುವುದೂ ಅಂಥ ನುಣ್ಣನೆಯ ಪುಡಿಯೇ, ಬೆರಳಿನ ಜಾಗಕ್ಕೆ ಬ್ರಷ್ಷು ಬಂದಿದೆ.

ಹಲ್ಲಿಗೆ ಹಚ್ಚುವ ಪುಡಿಗಳಲ್ಲಿ ಒಂದರ ಮೇಲೆ ಮಾತ್ರ ನನಗೆ ಎಳ್ಳಷ್ಟೂ ಪ್ರೀತಿ ಇಲ್ಲ. ನಮ್ಮ ಕಡೆ ಎಷ್ಟೋ ಹೆಂಗಸರು, ಅದರಲ್ಲೂ ಹೊಲಕ್ಕೆ ಹೋಗುವವರು, ಬೆಳಿಗ್ಗೆ ನಶ್ಯಪುಡಿಯನ್ನು ಒಸಡಿಗೆ ತಿಕ್ಕುತ್ತಾರೆ. ಹಲ್ಲುನೋವಿಗೆ ಎಂದು ಶುರುವಾಗುತ್ತದೆ, ಆಮೇಲೆ ಅದಿಲ್ಲದೆ ಬೆಳಗೇ ಆಗುವುದಿಲ್ಲ. ಅದು ಹೊಗೆಸೊಪ್ಪು. ನೋವನ್ನು ಒಂದು ಗಳಿಗೆ ಮರೆಸುತ್ತದೆ, ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಹಲ್ಲುಪುಡಿಗೂ ಪೇಸ್ಟಿಗೂ ಹೊಗೆಸೊಪ್ಪು ಬೆರೆಸಕೂಡದೆಂದು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧ ಹಾಕಿದೆ. ಬೆರೆಸುವುದು ನಿಂತರೂ ಬಿಡಿಯಾಗಿ ಕೊಂಡು ತಿಕ್ಕುವುದು ನಿಂತಿಲ್ಲ. ನಮ್ಮ ಓಣಿಯ ಅಕ್ಕತಂಗಿಯರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ: ಮಾತ್ರೆ ಬೇಡವಾದರೆ ಬೇಡ, ಬೇವಿನ ಕಡ್ಡಿ ತಗೊಳ್ಳಿ, ಬರೀ ನೀರು ತಗೊಳ್ಳಿ, ನಶ್ಯ ಬಿಡಿ. ಒಸಡು ನೋಯುತ್ತಿದ್ದರೆ ಹೊಸಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ.

ಬೇವಿನ ಕಡ್ಡಿಯ ಮಾತು ಬಂತು. ಅದನ್ನು ಹಳೆಯದೆಂದು ಬದಿಗಿಡುವವನು ನಾನಲ್ಲ. ನಮ್ಮ ಓಣಿಯ ಕಾಕ ಒಬ್ಬರು ಇಂದಿಗೂ ಕಡ್ಡಿಯವರೇ. ಕಿರುಬೆರಳು ದಪ್ಪದ ಎಳೆ ಕೊಂಬೆ ಮುರಿದು ಎಲೆ ಸವರಿ, ತುದಿಯನ್ನು ಕಚ್ಚಿ ಕಚ್ಚಿ ಕುಂಚ ಮಾಡುತ್ತಾರೆ. ಒಂದೊಂದೇ ಹಲ್ಲಿಗೆ ಕೆಳಗಿನಿಂದ ಮೇಲಕ್ಕೆ ಆಡಿಸುತ್ತಾರೆ. ಕೊನೆಗೆ ಕಡ್ಡಿಯನ್ನು ಉದ್ದಕ್ಕೆ ಎರಡಾಗಿ ಸೀಳಿ ಬಿಲ್ಲಿನಂತೆ ಬಗ್ಗಿಸಿ ನಾಲಿಗೆ ಕೆರೆದುಕೊಂಡು ಎಸೆಯುತ್ತಾರೆ. ಮರುದಿನಕ್ಕೆ ಅದು ಮಣ್ಣು. ಸುಶ್ರುತ ಸಂಹಿತೆಯಲ್ಲಿ ಹೇಳಿದ ಅಳತೆಯೂ ಇದೇ: ಹನ್ನೆರಡು ಅಂಗುಲ ಉದ್ದ, ಕಿರುಬೆರಳು ದಪ್ಪ, ಕಹಿ ಕಡ್ಡಿಗಳಲ್ಲಿ ಬೇವು ಶ್ರೇಷ್ಠ. ಚರಕ ಸಂಹಿತೆಯಲ್ಲಿ ಇನ್ನೂ ಒಂದು ಮಾತಿದೆ: ಹಲ್ಲು ತಿಕ್ಕುವುದು ದಿನಕ್ಕೆ ಎರಡು ಹೊತ್ತು. ಕಾಕನಿಗೆ ಇದನ್ನು ಹೇಳಿದಾಗ ಅವರು ಕಡ್ಡಿಯನ್ನು ಬಾಯಿಯಿಂದ ತೆಗೆದರು.

“ಎರಡು ಹೊತ್ತು ಅಂತ ಬರದಾರೇನು? ನಮಗ ಯಾರೂ ಹೇಳಲೇ ಇಲ್ಲಲ್ಲ!”

ಆ ಎರಡನೆಯ ಹೊತ್ತಿನ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು, ಈ ಮಾತ್ರೆಯಲ್ಲಿ ನನಗೆ ನಿಜವಾಗಿ ಹಿಡಿಸಿದ ಗುಣ ಹೇಳಬೇಕು. ಅದು ಅಳತೆ. ಟಿವಿ ಜಾಹೀರಾತಿನಲ್ಲಿ ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಪೇಸ್ಟು ಹಾವಿನಂತೆ ಸುತ್ತಿ ಕೂರುತ್ತದೆ. ಅದನ್ನು ನೋಡಿ ಬೆಳೆದ ಮಕ್ಕಳು ಹಾಗೇ ಹಿಂಡುತ್ತಾರೆ. ಹಲ್ಲಿನ ವೈದ್ಯರು ಹೇಳುವುದು ದೊಡ್ಡವರಿಗೂ ಬಟಾಣಿಯಷ್ಟು ಸಾಕು ಎಂದು. ಮೂರರಿಂದ ಆರು ವರ್ಷದ ಮಕ್ಕಳಿಗೂ ಬಟಾಣಿ ಮೀರಬಾರದು, ಮೂರರ ಒಳಗಿನವರಿಗೆ ಅಕ್ಕಿಕಾಳಿನಷ್ಟು. ಮಾತ್ರೆಯಲ್ಲಿ ಕಂಪನಿಯವರೇ ಅಳೆದು ಒತ್ತಿದ್ದಾರೆ, ಒಂದು ಹೊತ್ತಿಗೆ ಒಂದು, ಹೆಚ್ಚಿಗೆ ಹಿಂಡಲು ಏನೂ ಇಲ್ಲ.

ಅಳತೆಯ ಮಾತು ನಮ್ಮ ಸೀಮೆಯವರಿಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಎಷ್ಟೋ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿಗೆ, ಬೇರೆ ನೀರು ಸಿಗದಿದ್ದರೆ 1.5ರ ತನಕ, ಅದರ ಮೇಲೆ ಕೂಡದು ಎಂಬುದು ನಮ್ಮ ದೇಶದ ಅಳತೆ. ಫ್ಲೋರೈಡ್ ಹಲ್ಲಿಗೆ ಶತ್ರುವಲ್ಲ. ತಿಂದ ಸಿಹಿಯನ್ನು ಬಾಯಿಯ ಬ್ಯಾಕ್ಟೀರಿಯಾ ಹುಳಿಯಾಗಿಸಿ ಎನಾಮೆಲ್ಲಿನ ಖನಿಜ ಕರಗಿಸುತ್ತವೆ. ಕರಗಿದ್ದು ಮತ್ತೆ ಕೂಡಿಕೊಳ್ಳಲು ಸ್ವಲ್ಪ ಫ್ಲೋರೈಡ್ ನೆರವಾಗುತ್ತದೆ. ಹುಳುಕು ತಡೆಯುವುದರಲ್ಲಿ ಅದರ ಹೆಸರು ದೊಡ್ಡದು. ಆದರೆ ಎಳೆಯ ಮಕ್ಕಳಿಗೆ ಹೊಸ ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದ ತನಕ, ಅದು ಹೊಟ್ಟೆಗೆ ಹೆಚ್ಚಾಗಿ ಹೋದರೆ ಬರುವ ಹಲ್ಲಿನ ಮೇಲೆ ಬಿಳಿ ಗೆರೆ, ಕಂದು ಮಚ್ಚೆ ಮೂಡುತ್ತವೆ. ಎಷ್ಟು ತಿಕ್ಕಿದರೂ ಆ ಮಚ್ಚೆ ಹೋಗುವುದಿಲ್ಲ. ಸರಿಯಾಗಿ ತಿಕ್ಕುವುದಿಲ್ಲವೆಂದು ಅಂಥ ಮಕ್ಕಳನ್ನು ಬೈಯುವುದು ಅನ್ಯಾಯ. ಅವರ ಹಲ್ಲಿನ ಬಣ್ಣಕ್ಕೆ ಕಾರಣ ಕುಡಿದ ನೀರು.

ಆದ್ದರಿಂದ ಬಾಟಲಿಯ ಚೀಟಿ ಓದುವುದು ಬಲು ಮುಖ್ಯ. ಮಾತ್ರೆಗಳಲ್ಲಿ ಎರಡು ಪಂಗಡ. ಫ್ಲೋರೈಡ್ ಇರುವವು ಕೆಲವು. ಅದಿಲ್ಲದೆ ಹೈಡ್ರಾಕ್ಸಿ ಅಪಟೈಟ್ ಹಾಕಿದವು ಕೆಲವು. ಎನಾಮೆಲ್ ಆಗಿರುವುದೇ ಆ ಖನಿಜದಿಂದ. ಜಪಾನಿನಲ್ಲಿ 1980ರಿಂದಲೇ ಅದನ್ನು ಪೇಸ್ಟಿಗೆ ಸೇರಿಸುತ್ತ ಬಂದಿದ್ದಾರೆ. ಎರಡೂ ಇಲ್ಲದ, ಬರೀ ಸೋಡಾ ಮತ್ತು ಪುದೀನದ ಮಾತ್ರೆಗಳೂ ಇವೆ. ಅವು ಬಾಯಿಗೆ ತಂಪು ಕೊಡುತ್ತವೆ, ಬ್ರಷ್ಷಿಗೆ ನೆರವಾಗುತ್ತವೆ, ಹುಳುಕು ತಡೆಯುವುದಕ್ಕೆ ತಾವಾಗಿ ಹೆಚ್ಚೇನೂ ಮಾಡುವುದಿಲ್ಲ. ಡ್ಯಾಮಿನ ನೀರು ಕುಡಿಯುವ ಮನೆಗೂ ಬೋರಿನ ನೀರು ಕುಡಿಯುವ ಮನೆಗೂ ಒಂದೇ ಸಲಹೆ ಹೊಂದುವುದಿಲ್ಲ. ಸಣ್ಣ ಮಕ್ಕಳಿದ್ದರೆ ಹಲ್ಲಿನ ವೈದ್ಯರನ್ನು ಒಂದು ಮಾತು ಕೇಳಿಯೇ ಆರಿಸಿಕೊಳ್ಳಬೇಕು.

ಮಕ್ಕಳಿರುವ ಮನೆಯಲ್ಲಿ ಇನ್ನೂ ಒಂದು ಎಚ್ಚರ ಬೇಕು. ಬಿಳಿ, ಉರುಟು, ಸಿಹಿ, ಪುದೀನದ ವಾಸನೆ: ಮಗುವಿನ ಕಣ್ಣಿಗೆ ಇದು ಪೆಪ್ಪರಮೆಂಟೇ. ಬಾಟಲಿ ಕೈಗೆ ಸಿಕ್ಕರೆ ಮುಕ್ಕಿಬಿಡುತ್ತದೆ. ಎತ್ತರದ ಗೂಡಿನಲ್ಲೇ ಇರಬೇಕು. ಜೈಲಿಟಾಲ್ ಇದ್ದರೆ ನಾಯಿಗೆ ಅದು ವಿಷ, ಅಂಗಳದಲ್ಲಿ ಉದುರಿಸಿಕೊಂಡು ಹೋಗುವ ಹಾಗಿಲ್ಲ. ಒದ್ದೆ ಕೈಯನ್ನು ಬಾಟಲಿಗೆ ಹಾಕಿದರೆ ಒಳಗಿನವೆಲ್ಲ ಮೆತ್ತಗಾಗಿ ಅಂಟಿಕೊಳ್ಳುತ್ತವೆ. ನಮ್ಮ ಒಣ ಬಿಸಿಲಿನ ಊರಿಗೆ ಅಷ್ಟು ಭಯವಿಲ್ಲ, ಮಳೆಗಾಲದಲ್ಲಿ ಮಾತ್ರ ಮುಚ್ಚಳ ಬಿಗಿಯಾಗಿರಬೇಕು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿಗೆ ಮಾತ್ರೆಯನ್ನಾಗಲಿ ಪೇಸ್ಟನ್ನಾಗಲಿ ಹಾಕಿ ತಿಕ್ಕಿದರೆ ಅದರ ಮೇಲೆ ಗೀರು ಬೀಳುತ್ತವೆ. ಅದಕ್ಕೆ ಸಾಬೂನು ನೀರು, ಮೆತ್ತನೆಯ ಬ್ರಷ್ಷು ಸಾಕು.

ಇನ್ನು ಟ್ಯೂಬಿನ ವಿಚಾರ. ನಮ್ಮ ಓಣಿಗೆ ಗುಜರಿಯವನು ಬರುತ್ತಾನೆ. ಕಬ್ಬಿಣ ಕೊಳ್ಳುತ್ತಾನೆ, ಹಳೇ ಬಕೆಟ್ಟು ಕೊಳ್ಳುತ್ತಾನೆ, ಖಾಲಿ ಬಾಟಲಿ, ಪೇಪರು, ಉದುರಿದ ಕೂದಲೂ ಕೊಳ್ಳುತ್ತಾನೆ. ಪೇಸ್ಟಿನ ಟ್ಯೂಬು ತೋರಿಸಿದರೆ ಮಾತ್ರ ಮುಖ ತಿರುಗಿಸುತ್ತಾನೆ. ಅವನ ಲೆಕ್ಕ ಸರಿ. ಹಿಂದೆ ಟ್ಯೂಬು ಬರೀ ಅಲ್ಯೂಮಿನಿಯಂ ಇತ್ತು. ಆಮೇಲೆ ಬಂದವುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ಕು, ನಡುವೆ ಕೂದಲೆಳೆಯಷ್ಟು ಅಲ್ಯೂಮಿನಿಯಂ ಹಾಳೆ, ಮತ್ತೆ ಪ್ಲಾಸ್ಟಿಕ್ಕು, ಹೀಗೆ ಪದರ ಪದರ ಅಂಟಿಸಿದ್ದು. ಪದರ ಬಿಡಿಸುವುದು ಅವನಿಂದ ಆಗದು, ಒಟ್ಟಿಗೆ ಕರಗಿಸಿದರೆ ಉಪಯೋಗವಿಲ್ಲ. ಒಂದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮರುಬಳಕೆಗೆ ಒಗ್ಗುವ ಟ್ಯೂಬು ಮಾಡಿರುವುದಾಗಿ ಕೋಲ್ಗೇಟ್ 2019ರಲ್ಲಿ ಪ್ರಕಟಿಸಿತು. ಒಳ್ಳೆಯದೇ. ಆದರೆ ಅಂಥ ಟ್ಯೂಬನ್ನು ಬೇರೆ ಮಾಡಿ ಒಯ್ಯುವವರು ನಮ್ಮ ಓಣಿಯ ತನಕ ಬಂದಾಗಲೇ ಅದರ ಫಲ. ಅಲ್ಲಿಯ ತನಕ ಅದು ಹಿತ್ತಲಿಗೆ ಬೀಳುತ್ತದೆ, ಇಲ್ಲವೇ ನೀರೊಲೆಗೆ ಹೋಗುತ್ತದೆ. ಅದಿರು ಲಾರಿಗಳ ಕೆಂಪು ಧೂಳು ಕುಡಿದು ಬಾಳಿದ ಊರು ನಮ್ಮದು. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆಯನ್ನೂ ಕೂಡಿಸಿಕೊಳ್ಳುವುದು ಬೇಡ.

ಗಾಜಿನ ಬಾಟಲಿಯಾದರೆ ಗುಜರಿಯವನೂ ಬೇಡ. ಮಾತ್ರೆ ಮುಗಿದ ಮೇಲೆ ದೊಡ್ಡವ್ವ ಅದನ್ನು ಇಸಿದುಕೊಂಡು ಜೀರಿಗೆ ತುಂಬಿಟ್ಟಳು. ಎಲ್ಲ ಮಾತ್ರೆಯೂ ಗಾಜಿನಲ್ಲೇ ಬರುತ್ತದೆ ಎನ್ನುವಂತಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವುದನ್ನು ಕೊಂಡರೆ ಟ್ಯೂಬು ಬಿಟ್ಟು ಡಬ್ಬಿ ಹಿಡಿದಂತಾಯಿತು, ಅಷ್ಟೇ. ಕಾಗದದ ಪೊಟ್ಟಣದಲ್ಲಿ ಮರುಭರ್ತಿ ಕೊಡುವವರನ್ನು ಆರಿಸಿಕೊಳ್ಳುವುದು ಜಾಣತನ.

ಮಾತ್ರೆಗೆ ಮನಸಾರೆ ಒಲಿದವನು ನಮ್ಮ ಎದುರುಮನೆಯ ಹುಡುಗ. ಲಾರಿ ಓಡಿಸುತ್ತಾನೆ, ನನಗೆ ಮಾವ ಎನ್ನುತ್ತಾನೆ. ತಿಂಗಳಲ್ಲಿ ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು.

“ಮಾವ, ಕ್ಯಾಬಿನ್ನಿನಾಗ ಪೇಸ್ಟ್ ಇಟ್ರ ಬಿಸಿಲಿಗೆ ಉಬ್ಬಿ ಬಾಯಿ ಬಿಡ್ತೈತಿ. ಅಂಗಿ ಅರಿವಿಗೆಲ್ಲ ಮೆತ್ತೈತಿ. ಇದಾದ್ರ ಕಾಗದದಾಗ ನಾಲ್ಕು ಕಟ್ಕೊಂಡು ಜೇಬಿಗೆ ಹಾಕ್ಕೊಂಡ್ರಾತು.”

ಡಾಬಾದ ಮುಂದೆ ಒಂದು ಚೊಂಬು ನೀರು ಸಿಕ್ಕರೆ ಅವನ ಕೆಲಸ ಮುಗಿಯುತ್ತದೆ. ಕೊಟ್ಟೂರಿನ ಗುರುಬಸವೇಶ್ವರನ ತೇರಿಗೆ ಪಾದಯಾತ್ರೆ ಹೋಗುವವರಿಗೆ, ಸೀಟು ಸಿಗದೆ ರೈಲಿನ ಬಾಗಿಲ ಬಳಿ ರಾತ್ರಿ ಕಳೆದು ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುವ ನಮ್ಮ ಹುಡುಗರಿಗೆ, ಹಾಸ್ಟೆಲಿನ ಮಕ್ಕಳಿಗೆ ಇದಕ್ಕಿಂತ ಅನುಕೂಲದ್ದು ಇಲ್ಲ. ಎಷ್ಟೋ ಕಡೆ ವಿಮಾನದಲ್ಲಿ ಕೈಚೀಲದೊಳಗೆ ಪೇಸ್ಟು 100 ಮಿಲಿಲೀಟರಿನ ಒಳಗಿರಬೇಕೆಂಬ ತಕರಾರು ಉಂಟಲ್ಲ, ಮಾತ್ರೆಗೆ ಅದೂ ಇಲ್ಲ.

ಆದರೆ ಮನೆ ತುಂಬ ಜನ ಇರುವಲ್ಲಿ ದುಡ್ಡಿನ ಲೆಕ್ಕ ಹಾಕಲೇಬೇಕು. ಒಬ್ಬರಿಗೆ ದಿನಕ್ಕೆ ಎರಡರಂತೆ ತಿಂಗಳಿಗೆ 60, ಐದು ಜನಕ್ಕೆ 300 ಮಾತ್ರೆ. ಕಿರಾಣಿ ಅಂಗಡಿಯಲ್ಲಿ ಹತ್ತು, ಇಪ್ಪತ್ತು ರೂಪಾಯಿಗೆ ಟ್ಯೂಬು ಸಿಗುವಾಗ ಅದರ ಎಷ್ಟೋ ಪಟ್ಟು ಕೊಟ್ಟು ಮಾತ್ರೆ ಕೊಳ್ಳಿ ಎಂದು ಕೂಲಿಗೆ ಹೋಗುವ ಮನೆಗೆ ನಾನು ಹೇಳಲಾರೆ. ಹೇಳಬೇಕಾದ್ದು ತಯಾರಿಸುವವರಿಗೆ. ನುಣ್ಣನೆಯ ಹಲ್ಲುಪುಡಿ ಅರೆದು ನೂರು ವರ್ಷಗಳಿಂದ ಊರೂರಿಗೆ ಕಳಿಸಿದ ನಾಡು ಇದು. ಅದೇ ಪುಡಿಯನ್ನು ಅಳೆದು ಒತ್ತಿ, ಏನೇನು ಎಷ್ಟೆಷ್ಟು ಇದೆ ಎಂದು ಕನ್ನಡದಲ್ಲಿ ಚೀಟಿ ಅಂಟಿಸಿ, ಕಾಗದದ ಪೊಟ್ಟಣದಲ್ಲಿ ಕಡಿಮೆ ಬೆಲೆಗೆ ಕೊಡುವುದು ನಮ್ಮವರಿಗೆ ಅಸಾಧ್ಯದ ಕೆಲಸವೇ? ಫ್ಲೋರೈಡ್ ಇರುವುದೊಂದು ಬಗೆ, ಇಲ್ಲದ್ದೊಂದು ಬಗೆ ಮಾಡಿದರೆ ಡ್ಯಾಮಿನ ನೀರಿನ ಊರಿಗೂ ಬೋರಿನ ನೀರಿನ ಊರಿಗೂ ಹೊಂದುತ್ತದೆ. ಅಂಗಡಿಯವನು ಭರಣಿಯಲ್ಲಿಟ್ಟು ಎಣಿಸಿ ಕೊಡಲಿ, ನಾವು ಮನೆಯಿಂದ ಬಾಟಲಿ ಒಯ್ಯುತ್ತೇವೆ. ಎಣ್ಣೆಗೆ ಬಾಟಲಿ ಒಯ್ದು ರೂಢಿ ಇದ್ದ ಜನ ನಾವು.

ಈಗ ಆ ಎರಡನೆಯ ಹೊತ್ತಿನ ಮಾತು. ಬೆಳಗಿನ ಹಲ್ಲು ತಿಕ್ಕುವಿಕೆಗೆ ನಮ್ಮ ಊರಿನಲ್ಲಿ ಯಾರೂ ಬೊಟ್ಟು ಮಾಡುವಂತಿಲ್ಲ. ಅದು ಎಲ್ಲರೂ ನೋಡುವ ಕೆಲಸ, ಮಾತಿನ ಜೊತೆ ಸಾಗುವ ಕೆಲಸ, ಹಬ್ಬ ಹರಿದಿನ, ನೆಗಡಿ ಜ್ವರ ಯಾವುದಕ್ಕೂ ತಪ್ಪುವುದಿಲ್ಲ. ರಾತ್ರಿ ತಿಕ್ಕುವ ರೂಢಿ ಮಾತ್ರ ಬಹುಪಾಲು ಮನೆಗಳಲ್ಲಿ ಇಲ್ಲ. ಉಂಡು, ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಹಾಕಿ ಮಲಗಿದರೆ ಮುಗಿಯಿತು. ಹಲ್ಲಿಗೆ ಕಷ್ಟಕಾಲ ಶುರುವಾಗುವುದು ಆಗಲೇ. ನಿದ್ದೆಯಲ್ಲಿ ಜೊಲ್ಲು ಊರುವುದು ತೀರ ಕಡಿಮೆ. ಹಗಲೆಲ್ಲ ಹುಳಿಯನ್ನು ತೊಳೆದು ಹಲ್ಲನ್ನು ಕಾಯುವುದು ಆ ಜೊಲ್ಲೇ. ಸಂದಿಯಲ್ಲಿ ಉಳಿದ ಅನ್ನದಗುಳು, ಹೋಳಿಗೆಯ ಬೆಲ್ಲ ಬ್ಯಾಕ್ಟೀರಿಯಾಗಳಿಗೆ ರಾತ್ರಿಯಿಡೀ ಊಟ. ಬೆಳಿಗ್ಗೆ ಎಷ್ಟೇ ಗಸಗಸ ತಿಕ್ಕಿದರೂ ರಾತ್ರಿ ಕರಗಿದ್ದು ಕರಗಿಹೋಗಿರುತ್ತದೆ.

ನಮ್ಮ ಮನೆಗೆ ಮಾತ್ರೆಯಿಂದ ಆದ ದೊಡ್ಡ ಉಪಕಾರ ಈ ಕಡೆಯಿಂದ ಬಂತು. ಬಾಟಲಿಯನ್ನು ಕೈತೊಳೆಯುವ ಜಾಗದ ಪಕ್ಕ ಎತ್ತರದ ಗೂಡಿನಲ್ಲಿಟ್ಟೆವು. ಉಂಡು ಕೈತೊಳೆಯಲು ಬಂದವರ ಕಣ್ಣಿಗೆ ಬೀಳತೊಡಗಿತು. ಹೊಸತೆಂಬ ಕುತೂಹಲಕ್ಕೆ ಮೊದಲು ಮಕ್ಕಳು ಕೇಳಿ ಇಸಿದುಕೊಂಡರು, ಮಕ್ಕಳನ್ನು ನೋಡಿ ದೊಡ್ಡವರು. ಬಾಟಲಿ ಖಾಲಿಯಾದಾಗ ಅದೇ ಗೂಡಿಗೆ ಪೇಸ್ಟು ಬಂದು ಕೂತಿತು, ಬಟಾಣಿಯಷ್ಟೇ ಹಾಕುವ ಕೈ ಹಾಗೇ ಉಳಿಯಿತು, ರಾತ್ರಿ ತಿಕ್ಕುವುದೂ ಉಳಿಯಿತು. ಮಾತ್ರೆ ಹೋದ ಮೇಲೂ ಅದು ಕಲಿಸಿದ ಪಾಠ ಮನೆಯಲ್ಲಿದೆ ಎನ್ನುವುದೇ ಅದಕ್ಕೆ ನಾನು ಕೊಡುವ ದೊಡ್ಡ ಮರ್ಯಾದೆ. ಊರಿಗೆ, ಪ್ರಯಾಣಕ್ಕೆ ಮಾತ್ರ ಈಗಲೂ ಮಾತ್ರೆಯೇ.

ದೊಡ್ಡವ್ವನಿಗೆ ಈ ರಾತ್ರಿಯ ಮಾತು ಹೇಳಿದಾಗ ಅವಳು ಒಂದೇ ಪ್ರಶ್ನೆ ಕೇಳಿದಳು: “ತಿಕ್ಕಿದ ಮ್ಯಾಲೆ ಎಲಿ ಅಡಿಕಿ ಹಾಕ್ಕೊಬೌದೇನು?”

“ಹಾಕ್ಕೊಬಾರದು ದೊಡ್ಡವ್ವಾ. ತಿಕ್ಕಿದ ಮ್ಯಾಲೆ ನೀರು ಬಿಟ್ಟು ಏನೂ ಇಲ್ಲ.”

“ಹಂಗಾರ ಮೊದ್ಲು ಎಲಿ, ಆಮ್ಯಾಲೆ ಹಲ್ಲು.”

ಅಷ್ಟಾದರೂ ಆಗಲಿ, ಅಡಿಕೆಯ ಮಾತು ಮುಂದೆ ನೋಡೋಣ. ಬೇಲಿಯ ಈಚೆ ಆಚೆ ಇರುವ ನಮ್ಮವರಿಗೆಲ್ಲ ನಾನು ಕೇಳಿಕೊಳ್ಳುವುದೂ ಇಷ್ಟೇ. ಮಾತ್ರೆಯಾಗಲಿ, ಪೇಸ್ಟಾಗಲಿ, ನಂಜನಗೂಡು ಪುಡಿಯಾಗಲಿ, ಕಾಕನ ಬೇವಿನ ಕಡ್ಡಿಯಾಗಲಿ, ಕೈಗೆಟುಕಿದ್ದು ಹಿಡಿಯಿರಿ. ಮೆತ್ತಗೆ, ಎರಡು ನಿಮಿಷ, ಒಳಗೂ ಹೊರಗೂ ತಿಕ್ಕಿರಿ. ಫ್ಲೋರೈಡ್ ಇರುವುದಾದರೆ, ಉಗುಳಿದ ಮೇಲೆ ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಿ ಅದನ್ನೆಲ್ಲ ತೊಳೆದುಬಿಡಬೇಡಿ. ಬೆಳಗಿನದು ನಮ್ಮ ಊರಿಗೆ ಬಂದೇ ಇದೆ. ಇವತ್ತು ರಾತ್ರಿ ಉಂಡ ಮೇಲೆ ಇನ್ನೊಮ್ಮೆ ತಿಕ್ಕಿ ಮಲಗಿರಿ. ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ತಿಕ್ಕಿಸಿರಿ.